ಮರ ಕೆತ್ತುವ ಯಂತ್ರ ಲೆಕ್ಕ ತಪ್ಪಿದಾಗ

(ರೈತರ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಈ ಕೂಟದಲ್ಲಿ ಬಿತ್ತನೆ ಬೀಜ, ಗೊಬ್ಬರ, ಹೈನು ಮುಂತಾದ ವಿಷಯಗಳನ್ನು ಕುರಿತು ಮಾತು ನಡೆಯುವುದು ವಾಡಿಕೆ. ಈ ದಿನ ನಾನು ಎತ್ತಿಕೊಂಡಿರುವ ವಿಷಯ ಸ್ವಲ್ಪ ಬೇರೆ. ಮನೆಯ ಪಡಸಾಲೆಯಲ್ಲಿಯೋ ಕೊಟ್ಟಿಗೆಯ ಪಕ್ಕದ ಷೆಡ್ಡಿನಲ್ಲಿಯೋ ಇಟ್ಟುಕೊಂಡು ಮರ ಕೆತ್ತುವ ಸಿ.ಎನ್.ಸಿ. ಯಂತ್ರವು ಕೆಲಸದ ನಡುವೆ ಜಾರುವುದೇಕೆ, ಜಾರಿದಾಗ ಮೊದಲು ಏನನ್ನು ನೋಡಬೇಕು ಎಂಬುದೇ ಆ ವಿಷಯ.

ರೈತರಿಗೂ ಇದಕ್ಕೂ ಏನು ಸಂಬಂಧ ಎಂದು ಹಿರಿಯರು ಕೇಳಬಹುದು. ಈಗ ಬಡಗಿ ಮನೆತನದವರಷ್ಟೇ ಅಲ್ಲ, ಬೇಸಾಯದ ಮನೆಯ ಹುಡುಗರೂ ಸಾಲ ತೆಗೆದು ಇಂತಹ ಯಂತ್ರ ತಂದು ಬಾಗಿಲು, ದೇವರ ಮನೆಯ ಕದ, ಹೆಸರಿನ ಹಲಗೆ ಕೆತ್ತಿಕೊಡುತ್ತಿದ್ದಾರೆ. ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಕೈಗೆ ನಾಲ್ಕು ಕಾಸು ಬರುವ ದಾರಿ ಅದು. ಯಂತ್ರ ಜಾರಿತೆಂದರೆ ಹಾಳಾಗುವುದು ಬರೀ ಒಂದು ದಿನದ ಕೂಲಿಯಲ್ಲ. ಗಿರಾಕಿ ನಂಬಿ ತಂದುಕೊಟ್ಟ ತೇಗದ ಹಲಗೆ. ಅದರ ಬೆಲೆ ಎಷ್ಟೋ ಸಲ ಆ ತಿಂಗಳ ಕಂತಿಗಿಂತ ಹೆಚ್ಚು. ಅದರ ಮೇಲೆ, ದೋಷ ಎಲ್ಲಿದೆ ಎಂದು ತಿಳಿಯದೆ ಹೊಸ ಮೋಟಾರು, ಹೊಸ ಬೋರ್ಡು ಎಂದು ಹಣ ಸುರಿಯುವುದು ಬೇರೆ. ಬಹುಪಾಲು ಸಂದರ್ಭಗಳಲ್ಲಿ ಈ ಖರ್ಚು ಬೇಕಾಗಿರುವುದಿಲ್ಲ. ಅದನ್ನು ತಪ್ಪಿಸುವುದಕ್ಕಾಗಿಯೇ ನಾನು ಈ ಮಾತನ್ನಾಡುತ್ತಿರುವುದು.

ಯಂತ್ರದ ನಡೆ ಹೇಗೆಂಬುದನ್ನು ಮೊದಲು ತಿಳಿಯೋಣ. ಕೆತ್ತುವ ಬಿಟ್ಟನ್ನು ಗಿರ್ರನೆ ತಿರುಗಿಸುವ ಭಾಗಕ್ಕೆ ಸ್ಪಿಂಡಲ್ ಎನ್ನುತ್ತಾರೆ. ಈ ಸ್ಪಿಂಡಲ್ ಅಡ್ಡಕ್ಕೆ, ಉದ್ದಕ್ಕೆ, ಮೇಲೆ ಕೆಳಗೆ, ಹೀಗೆ ಮೂರು ದಿಕ್ಕಿನಲ್ಲಿ ಚಲಿಸಬೇಕು. ಇವಕ್ಕೆ ಎಕ್ಸ್, ವೈ, ಜೆಡ್ ಎಂದು ಹೆಸರು. ಪ್ರತಿ ದಿಕ್ಕಿಗೂ ಸ್ಟೆಪ್ಪರ್ ಮೋಟಾರು ಇರುತ್ತದೆ. ಇದು ನಮ್ಮ ಪಂಪಿನ ಮೋಟಾರಿನಂತೆ ಸುಮ್ಮನೆ ತಿರುಗುವುದಲ್ಲ. ಹೆಜ್ಜೆ ಹೆಜ್ಜೆಯಾಗಿ ತಿರುಗುವುದು. ಸಾಮಾನ್ಯವಾಗಿ ಒಂದು ಹೆಜ್ಜೆಗೆ 1.8 ಡಿಗ್ರಿ, ಅಂದರೆ ಪೂರ್ತಿ ಒಂದು ಸುತ್ತಿಗೆ 200 ಹೆಜ್ಜೆ. ಮೋಟಾರಿಗೆ ಜೋಡಿಸಿದ ಉದ್ದನೆಯ ತಿರುಪು ಒಂದು ಸುತ್ತಿಗೆ 5 ಮಿ.ಮೀ. ಸಾಗಿಸುವುದಾದರೆ, ಒಂದು ಹೆಜ್ಜೆಗೆ ಸ್ಪಿಂಡಲ್ ಮುಂದೆ ಹೋಗುವುದು ಒಂದು ಮಿ.ಮೀ.ನ ನಲವತ್ತರಲ್ಲಿ ಒಂದು ಪಾಲು. ಅಷ್ಟು ನಯವಾದ ಲೆಕ್ಕ.

ಆದರೆ ಈ ಲೆಕ್ಕದಲ್ಲಿ ಒಂದು ಕುರುಡು ಇದೆ. ಕತ್ತಲೆಯಲ್ಲಿ ಒಬ್ಬನು ಹೆಜ್ಜೆ ಎಣಿಸಿಕೊಂಡು ಹೊಲ ಅಳೆಯುತ್ತಿದ್ದಾನೆ ಎನ್ನಿ. ನಲವತ್ತನೆಯ ಹೆಜ್ಜೆಯಲ್ಲಿ ಕೆಸರಿನಲ್ಲಿ ಕಾಲು ಜಾರಿ ಹಿಂದಕ್ಕೆ ಬಂದ. ಆದರೂ ಅವನು ನಲವತ್ತೊಂದು, ನಲವತ್ತೆರಡು ಎಂದು ಎಣಿಸುತ್ತಲೇ ಹೋದ. ಎಣಿಕೆ ಸರಿಯಾಗಿದೆ, ಬದು ಮಾತ್ರ ಪಕ್ಕದವನ ಜಮೀನಿನಲ್ಲಿ ಬಿತ್ತು! ಮನೆಯಲ್ಲಿ ಇಡುವ ಕಡಿಮೆ ಬೆಲೆಯ ಯಂತ್ರಗಳಲ್ಲಿ ಬಹುಪಾಲು ಹೀಗೆಯೇ. ಇಷ್ಟು ಹೆಜ್ಜೆ ಹಾಕು ಎಂದು ಕಂಟ್ರೋಲರ್ ಬೋರ್ಡು ಆಜ್ಞೆ ಕೊಡುತ್ತದೆ. ಹಾಕಿತೋ ಇಲ್ಲವೋ ಎಂದು ತಿರುಗಿ ಕೇಳುವುದಿಲ್ಲ. ಸಾಗರ, ಸೊರಬದ ಕಡೆಯ ಗುಡಿಗಾರರು ಗಂಧದ ಮರ ಕೆತ್ತುವುದನ್ನು ನೋಡಿದವರಿಗೆ ಗೊತ್ತು: ಉಳಿಗೆ ಗಂಟು ಸಿಕ್ಕಿದ ಕೂಡಲೇ ಅವರ ಕೈ ತಾನಾಗಿ ಹಗುರವಾಗುತ್ತದೆ. ಯಂತ್ರಕ್ಕೆ ಆ ಕೈಯಿಲ್ಲ. ಆದುದರಿಂದ ಯಂತ್ರ ಜಾರಿದುದನ್ನು ಕಂಡುಹಿಡಿಯುವ ಕೆಲಸ ಯಜಮಾನನದೇ. ಅದಕ್ಕೆ ಸಾಕ್ಷಿ ಹಲಗೆಯ ಮೇಲೆಯೇ ಇರುತ್ತದೆ, ಓದಲು ಕಲಿಯಬೇಕು.

ಮೊದಲು ಕೇಳಬೇಕಾದ ಪ್ರಶ್ನೆ, ಜಾರಿದ್ದು ನಿಜವಾಗಿ ಯಂತ್ರವೇ ಎಂಬುದು. ಅನೇಕ ಸಲ ಜಾರಿರುವುದು ಮರ. ನಾಲ್ಕು ಮೂಲೆಗೆ ಹಿಡಿಕೆ ಹಾಕಿ ಬಿಗಿದಿದ್ದರೂ, ಬಿಟ್ಟು ಒಂದೇ ಕಡೆಗೆ ಗಂಟೆಗಟ್ಟಲೆ ಒತ್ತಿದಾಗ ಹಲಗೆ ಕೂದಲೆಳೆಯಷ್ಟು ಸರಿಯುತ್ತದೆ. ಕೆಲಸ ಶುರುಮಾಡುವ ಮುನ್ನ ಹಲಗೆಯ ಸುತ್ತ ಮೇಜಿನ ಮೇಲೆ ಸೀಸದ ಕಡ್ಡಿಯಿಂದ ಗೆರೆ ಎಳೆದಿಡಿ. ಗೆರೆ ಬಿಟ್ಟು ಹಲಗೆ ಸರಿದಿದ್ದರೆ ಯಂತ್ರವನ್ನು ಬೈದು ಫಲವಿಲ್ಲ.

ಹಾಗೆಯೇ ಕೆತ್ತನೆ ಹೋಗುತ್ತ ಹೋಗುತ್ತ ಆಳವಾಗುತ್ತಿದ್ದರೆ ಎಲ್ಲರೂ ಜೆಡ್ ಮೋಟಾರನ್ನು ಅನುಮಾನಿಸುತ್ತಾರೆ. ನಾನು ಮೊದಲು ನೋಡುವುದು ಬಿಟ್ಟನ್ನು ಹಿಡಿದಿರುವ ಕಾಲೆಟ್ಟನ್ನು. ಹೊಟ್ಟನ್ನು ಮೇಲಕ್ಕೆ ಎತ್ತುವ ಸುರುಳಿ ಬಿಟ್ಟು ಮರದೊಳಕ್ಕೆ ತನ್ನನ್ನು ತಾನೇ ಎಳೆದುಕೊಳ್ಳುವ ಸ್ವಭಾವದ್ದು. ಕಾಲೆಟ್ಟಿನೊಳಗೆ ಮರದ ಅಂಟು, ಪುಡಿ ಕೂತಿದ್ದರೆ ಹಿಡಿತ ಸಾಲದೆ ಬಿಟ್ಟು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯುತ್ತದೆ. ಬಿಟ್ಟಿನ ಕಾಂಡದ ಮೇಲೆ ಕಾಲೆಟ್ಟಿನ ಅಂಚಿಗೆ ಸರಿಯಾಗಿ ಮಾರ್ಕರಿನಿಂದ ಗುರುತು ಮಾಡಿ. ಕೆಲಸವಾದ ಮೇಲೆ ಗುರುತು ಕೆಳಗೆ ಬಂದಿದ್ದರೆ ಉತ್ತರ ಸಿಕ್ಕಿತು. ಕಾಲೆಟ್ಟನ್ನು ಬಿಚ್ಚಿ ಚೆನ್ನಾಗಿ ಒರಸಿ, ಮೊದಲು ಅದನ್ನು ನಟ್ಟಿನೊಳಗೆ ಟಕ್ಕೆಂದು ಕೂರಿಸಿ, ಆಮೇಲೆ ಬಿಟ್ಟು ಹಾಕಿ ಬಿಗಿಯಬೇಕು.

ಮರವೂ ಸರಿಯಲಿಲ್ಲ, ಬಿಟ್ಟೂ ಇಳಿಯಲಿಲ್ಲ ಎಂದಾದರೆ ಯಂತ್ರಕ್ಕೆ ಬರೋಣ. ತಪ್ಪಿನ ಅಳತೆಯೇ ಅರ್ಧ ವಿಷಯವನ್ನು ಹೇಳುತ್ತದೆ. ಬೆಲ್ಟಿನಿಂದ ಓಡುವ ಯಂತ್ರಗಳಲ್ಲಿ ಹೆಚ್ಚಾಗಿ ಬಳಸುವ ಜಿ.ಟಿ. 2 ಬೆಲ್ಟಿನ ಹಲ್ಲುಗಳ ನಡುವಣ ಅಂತರ 2 ಮಿ.ಮೀ. ಚಿತ್ರವು ಸರಿಯಾಗಿ 2, 4 ಅಥವಾ 6 ಮಿ.ಮೀ. ಸರಿದಿದ್ದರೆ ಬೆಲ್ಟು ಪುಲ್ಲಿಯ ಮೇಲೆ ಹಲ್ಲು ಹಾರಿದೆ ಎಂದೇ ತಿಳಿಯಿರಿ. ಬಿಗಿ ಸಾಲದು, ಅಥವಾ ಹಲ್ಲು ಸವೆದಿದೆ. ಹಲ್ಲಿನ ಪಟ್ಟಿಯ ಮೇಲೆ ಹಲ್ಲಿನ ಚಕ್ರ ಓಡುವ ದೊಡ್ಡ ಯಂತ್ರಗಳಲ್ಲಿ, ಮಾಡ್ಯೂಲ್ 1ರ ಪಟ್ಟಿಯಾದರೆ, ಒಂದು ಹಲ್ಲು ಹಾರಿದಾಗ ಸರಿಯುವುದು 3.14 ಮಿ.ಮೀ. ಇನ್ನು ಮೋಟಾರೇ ಹೆಜ್ಜೆ ತಪ್ಪಿದರೆ ಅದು ಒಂದು ಹೆಜ್ಜೆ ಎರಡು ಹೆಜ್ಜೆ ತಪ್ಪುವುದಿಲ್ಲ, ನಾಲ್ಕರ ಲೆಕ್ಕದಲ್ಲಿ ತಪ್ಪುತ್ತದೆ. ಒಳಗಿನ ಸುರುಳಿಗಳ ಕಾಂತಶಕ್ತಿ ನಾಲ್ಕು ಹೆಜ್ಜೆಗೊಮ್ಮೆ ಅದೇ ಸ್ಥಿತಿಗೆ ಮರಳುವುದು ಇದಕ್ಕೆ ಕಾರಣ. 5 ಮಿ.ಮೀ. ತಿರುಪಿನಲ್ಲಿ ಇದು ಒಂದು ಮಿ.ಮೀ.ನ ಹತ್ತನೆಯ ಒಂದು ಪಾಲು. ಜೋರಾಗಿ ಓಡುವಾಗ ತಪ್ಪಿದರೆ ಇಂತಹ ಹತ್ತಾರು ಪಾಲು ಒಟ್ಟಿಗೆ ಹೋಗಿ ಹಲವು ಮಿ.ಮೀ. ಆಗುತ್ತದೆ. ಆಗ ಗರ್ರ್ ಎಂದು ಒಂದು ಒರಟು ಸದ್ದು ಬರುತ್ತದೆ. ಒಮ್ಮೆ ಕೇಳಿದವರು ಅದನ್ನು ಮರೆಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ದಿಕ್ಕು ಬದಲಾಯಿಸಿದಾಗ ಮಾತ್ರ ಕಾಣುವ, ಎಷ್ಟು ಹೊತ್ತು ಓಡಿಸಿದರೂ ಬೆಳೆಯದ ತಪ್ಪು ಜಾರುವಿಕೆಯಲ್ಲ. ಅದು ತಿರುಪಿಗೂ ಅದರ ನಟ್ಟಿಗೂ ನಡುವಣ ಸಡಿಲ. ವೃತ್ತ ಕೆತ್ತಿದರೆ ಮೊಟ್ಟೆಯಂತೆ ಬರುವುದು, ಗೆರೆಯ ಆದಿ ಅಂತ್ಯ ಕೂಡದಿರುವುದು ಇದರ ಲಕ್ಷಣ. ನಟ್ಟು ಬದಲಾಯಿಸಿದರೆ, ಅಥವಾ ತಿರುಪಿನ ಕೊನೆಯ ಬೇರಿಂಗಿನ ನಟ್ಟನ್ನು ಬಿಗಿದರೆ ಸರಿಹೋಗುತ್ತದೆ.

ಈಗ ಮುಖ್ಯವಾದ ಮಾತು. ಮೋಟಾರಿನ ಕಡ್ಡಿಗೂ ಉದ್ದನೆಯ ತಿರುಪಿಗೂ ನಡುವೆ ಒಂದು ಜೋಡಣೆ ಇರುತ್ತದೆ, ಅದಕ್ಕೆ ಕಪ್ಲಿಂಗ್ ಎಂದು ಹೆಸರು. ಇದನ್ನು ಕಡ್ಡಿಗೆ ಹಿಡಿದಿಟ್ಟಿರುವುದು ಜೋಳದ ಕಾಳಿನಷ್ಟು ಸಣ್ಣದಾದ, ತಲೆಯಿಲ್ಲದ ಗ್ರಬ್ ಸ್ಕ್ರೂ. ಇಡೀ ಯಂತ್ರದ ನಿಖರತೆ ನಿಂತಿರುವುದು ಈ ಕಾಳಿನ ಮೇಲೆ. ಯಂತ್ರದ ಅದುರಿಗೆ ಅದು ಸಡಿಲವಾದರೆ ಮೋಟಾರು ಸರಿಯಾಗಿಯೇ ತಿರುಗುತ್ತದೆ, ತಿರುಪು ಮಾತ್ರ ಹಿಂದೆ ಬೀಳುತ್ತದೆ. ಒಬ್ಬ ತರುಣನ ಯಂತ್ರವನ್ನು ನಾನು ನೋಡಲು ಹೋದಾಗ ಅವನು ಅದಾಗಲೇ ವೈ ದಿಕ್ಕಿನ ಮೋಟಾರನ್ನೂ ಅದರ ಡ್ರೈವರನ್ನೂ ಹೊಸದು ಹಾಕಿಸಿದ್ದ. ಆದರೂ ಚಿತ್ರ ಸರಿಯುವುದು ನಿಂತಿರಲಿಲ್ಲ. ಹೊಸ ಮೋಟಾರಿಗೂ ಹಳೆಯ ಕಪ್ಲಿಂಗನ್ನೇ, ಹಳೆಯ ಸ್ಕ್ರೂವನ್ನೇ ಹಾಕಿದ್ದರು! ಅಲೆನ್ ಕೀ ಹಾಕಿದಾಗ ಅದು ಮುಕ್ಕಾಲು ಸುತ್ತು ಸಲೀಸಾಗಿ ತಿರುಗಿತು.

ಇದನ್ನು ಪತ್ತೆಮಾಡುವ ಉಪಾಯಕ್ಕೆ ಒಂದು ಮಾರ್ಕರ್ ಪೆನ್ನು ಸಾಕು. ಮೋಟಾರಿನ ಕಡ್ಡಿ, ಕಪ್ಲಿಂಗ್, ತಿರುಪು, ಈ ಮೂರರ ಮೇಲೂ ಹಾದುಹೋಗುವಂತೆ ಒಂದೇ ನೇರ ಗೆರೆ ಎಳೆಯಿರಿ. ಪುಲ್ಲಿ ಇರುವಲ್ಲಿ ಕಡ್ಡಿ ಮತ್ತು ಪುಲ್ಲಿಯ ಮೇಲೆ ಎಳೆಯಿರಿ. ಎಲ್ಲ ಮೋಟಾರುಗಳಿಗೂ ಇದನ್ನು ಈ ಹೊತ್ತೇ ಮಾಡಿಡುವುದು ಒಳ್ಳೆಯದು, ಜಾರುವವರೆಗೆ ಕಾಯಬೇಕಾಗಿಲ್ಲ. ಯಂತ್ರ ಜಾರಿದ ದಿನ ಗೆರೆಯನ್ನು ನೋಡಿ. ಗೆರೆ ಮುರಿದಿದ್ದರೆ ಸ್ಕ್ರೂ ಸಡಿಲ. ಗೆರೆ ನೇರವಾಗಿಯೇ ಇದ್ದರೆ ಸ್ಕ್ರೂ ನಿರ್ದೋಷಿ. ಮೋಟಾರು ಹೆಜ್ಜೆ ತಪ್ಪಿದೆಯೋ, ಬೆಲ್ಟು ಹಲ್ಲು ಹಾರಿದೆಯೋ ನೋಡಬೇಕು.

ಸ್ಕ್ರೂ ಬಿಗಿಯುವುದಕ್ಕೂ ಒಂದು ಕ್ರಮವುಂಟು. ಮೋಟಾರಿನ ಕಡ್ಡಿಯ ಒಂದು ಪಕ್ಕವನ್ನು ಸಾಮಾನ್ಯವಾಗಿ ಚಪ್ಪಟೆಯಾಗಿ ಸವರಿರುತ್ತಾರೆ. ಸ್ಕ್ರೂವಿನ ಮೊನೆ ಆ ಚಪ್ಪಟೆಯ ಮೇಲೆಯೇ ಕೂರಬೇಕು. ದುಂಡು ಭಾಗದ ಮೇಲೆ ಕೂತರೆ ಎಷ್ಟು ಬಿಗಿದರೂ ಕೆಲವು ವಾರಗಳಲ್ಲಿ ಜಾರುತ್ತದೆ. ಸ್ಕ್ರೂವನ್ನು ಪೂರ್ತಿ ತೆಗೆದು ಎಣ್ಣೆ ಪಸೆ ಒರಸಿ, ಲಾಕ್‌ಟೈಟ್‌ನಂತಹ ಮರೆ ಹಿಡಿಯುವ ಅಂಟಿನ ಒಂದು ಹನಿ ಹಾಕಿ ಬಿಗಿಯಿರಿ. ನೀಲಿ ಬಣ್ಣದ್ದು ತೆಗೆದುಕೊಳ್ಳಿ; ಕೆಂಪು ಬಣ್ಣದ್ದಾದರೆ ಮುಂದೆ ಬಿಚ್ಚಬೇಕಾದಾಗ ಕಾಯಿಸದೆ ಬಾರದು. ಸಣ್ಣ ಅಲೆನ್ ಕೀಗೆ ಪೈಪು ಸಿಕ್ಕಿಸಿ ಬಲ ಹಾಕುವ ನಮ್ಮವರ ಅಭ್ಯಾಸ ಇಲ್ಲಿ ಬೇಡ, ಮರೆಯೇ ಕಿತ್ತುಹೋಗುತ್ತದೆ. ಮತ್ತೆ ಮತ್ತೆ ಜಾರುವುದಾದರೆ ಕಡ್ಡಿಯನ್ನು ಸುತ್ತಲೂ ಅಪ್ಪಿ ಹಿಡಿಯುವ ಜಾತಿಯ ಕಪ್ಲಿಂಗನ್ನು ಹಾಕಿಸಿಕೊಳ್ಳುವುದು ಮೇಲು. ಅದರ ಖರ್ಚು ಒಂದು ಮೋಟಾರಿನ ಖರ್ಚಿನ ಮುಂದೆ ಏನೂ ಅಲ್ಲ.

ಗೆರೆ ಮುರಿದಿಲ್ಲ, ಬೆಲ್ಟೂ ಸರಿಯಾಗಿದೆ ಎನ್ನುವವರು ಯಂತ್ರವನ್ನು ಮೂರು ಬಗೆಯಲ್ಲಿ ಓಡಿಸಿ ನೋಡಬೇಕು. ಹಲಗೆಯ ಮೂಲೆಯಲ್ಲಿ ಬಿಟ್ಟಿನ ಮೊನೆಯಿಂದ ಒಂದು ಚುಕ್ಕೆ ಹಾಕಿ, ಅದನ್ನೇ ಆರಂಭದ ಬಿಂದುವೆಂದು ಗೊತ್ತುಮಾಡಿ. ಮೊದಲ ಸಲ ಸ್ಪಿಂಡಲ್ ನಿಲ್ಲಿಸಿ, ಬಿಟ್ಟನ್ನು ಮರಕ್ಕೆ ತಾಗದಂತೆ ಮೇಲೆತ್ತಿ, ಅದೇ ಚಿತ್ರವನ್ನು ಬರೀ ಗಾಳಿಯಲ್ಲಿ ಓಡಿಸಿ. ಮುಗಿದ ಮೇಲೆ ಬಿಟ್ಟನ್ನು ಆರಂಭದ ಬಿಂದುವಿಗೆ ಕರೆಯಿರಿ. ಮೊನೆ ಚುಕ್ಕೆಯೊಳಗೇ ಇಳಿಯಬೇಕು. ಎರಡನೆಯ ಸಲ ಗಾಳಿಯಲ್ಲಿಯೇ, ಆದರೆ ಸ್ಪಿಂಡಲನ್ನೂ ಹೊಟ್ಟು ಎಳೆಯುವ ಯಂತ್ರವನ್ನೂ ಚಾಲೂ ಮಾಡಿ. ಮೂರನೆಯ ಸಲ ರದ್ದಿ ಮರದಲ್ಲಿ ನಿಜವಾಗಿ ಕೆತ್ತಿಸಿ. ಪ್ರತಿ ಸಲವೂ, ಚುಕ್ಕೆಯನ್ನು ನೋಡುವ ಮೊದಲು ಸ್ಪಿಂಡಲ್ ನಿಂತಿರಬೇಕು.

ಮೂರನೆಯ ಸಲ ಮಾತ್ರ ತಪ್ಪುವುದಾದರೆ ಹೊರೆ ಹೆಚ್ಚಾಗಿದೆ ಎಂದರ್ಥ. ಬಿಟ್ಟು ಮೊಂಡಾಗಿರಬಹುದು. ತೇಗದಲ್ಲಿ ಮರಳಿನ ಅಂಶ ಸಹಜವಾಗಿಯೇ ಇರುವುದರಿಂದ ಅದು ಬಿಟ್ಟಿನ ಮೊನೆಯನ್ನು ಬೇಗ ತಿನ್ನುತ್ತದೆ. ಹಸಿ ಮರ, ಗಂಟಿನ ಮರ, ಒಂದೇ ಸಲಕ್ಕೆ ಬಹಳ ಆಳ, ಇವೆಲ್ಲ ಕಾರಣಗಳೇ. ಹಗುರವಾದ ಮನೆ ಯಂತ್ರದಲ್ಲಿ 6 ಮಿ.ಮೀ. ಬಿಟ್ಟಿಗೆ ಗಟ್ಟಿ ಮರದಲ್ಲಿ ಒಂದು ಸಲಕ್ಕೆ 2 ಮಿ.ಮೀ. ಆಳದಿಂದ ಆರಂಭಿಸಿ, ಯಂತ್ರ ತಡೆದುಕೊಳ್ಳುವುದನ್ನು ನೋಡಿ ಹೆಚ್ಚಿಸುವುದು ಕ್ಷೇಮ. ಇನ್ನೊಂದು ಗಂಟೆ ಹೆಚ್ಚು ಹಿಡಿದರೆ ಹಿಡಿಯಲಿ.

ಮೊದಲ ಸಲವೇ, ಅಂದರೆ ಗಾಳಿಯಲ್ಲಿಯೇ ತಪ್ಪುವುದಾದರೆ ವೇಗವನ್ನು ನೋಡಿ. ಸ್ಟೆಪ್ಪರ್ ಮೋಟಾರಿನ ಗುಣ ಎತ್ತಿನ ಗುಣದಂತೆ: ನಿಧಾನವಾಗಿ ನಡೆಯುವಾಗ ಎಳೆಯುವ ಬಲ ಓಡುವಾಗ ಇರುವುದಿಲ್ಲ. ಮೋಟಾರಿನ ಪಟ್ಟಿಯಲ್ಲಿ ಬರೆದಿರುವ ಬಲ ಅದು ನಿಂತಿರುವಾಗಿನದು. ವೇಗ ಏರಿದಂತೆ ಅದು ಇಳಿಯುತ್ತದೆ. ಜಿ.ಆರ್.ಬಿ.ಎಲ್. ತಂತ್ರಾಂಶವುಳ್ಳ ಬೋರ್ಡುಗಳಲ್ಲಿ 110, 111, 112ನೆಯ ಸೆಟ್ಟಿಂಗುಗಳು ಮೂರು ದಿಕ್ಕಿನ ಪರಮ ವೇಗವನ್ನೂ, 120, 121, 122ನೆಯವು ವೇಗ ಏರಿಸುವ ತೀವ್ರತೆಯನ್ನೂ ಹೇಳುತ್ತವೆ. ಹಳೆಯ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು, ಎರಡನ್ನೂ ಅರ್ಧಕ್ಕೆ ಇಳಿಸಿ ಮತ್ತೆ ಓಡಿಸಿ. ತಪ್ಪು ನಿಂತರೆ ಅಲ್ಲಿಂದ ಸ್ವಲ್ಪ ಸ್ವಲ್ಪವಾಗಿ ಏರಿಸಿಕೊಳ್ಳಿ.

ನಿಲ್ಲದಿದ್ದರೆ ಕರೆಂಟು ತೆಗೆದು, ತಿರುಪನ್ನು ಕೈಯಿಂದ ನಿಧಾನವಾಗಿ ಈ ತುದಿಯಿಂದ ಆ ತುದಿಯವರೆಗೆ ತಿರುಗಿಸಿ ನೋಡಿ. ನಿಧಾನವಾಗಿ ಎಂದೆ, ಜೋರಾಗಿ ತಿರುಗಿಸಿದರೆ ಮೋಟಾರೇ ವಿದ್ಯುತ್ತು ಹುಟ್ಟಿಸಿ ಡ್ರೈವರಿಗೆ ಕೇಡು ಮಾಡಬಹುದು. ಎಲ್ಲ ಕಡೆಯೂ ಒಂದೇ ಸಮನಾಗಿ ಹಗುರವಾಗಿರಬೇಕು. ಒಂದು ಜಾಗದಲ್ಲಿ ಬಿಗಿಯಾದರೆ ಹಳಿಗಳು ಸಮಾನಾಂತರವಿಲ್ಲ, ಅಥವಾ ಹೊಟ್ಟು ಕೂತಿದೆ. ತೆರೆದ ತಿರುಪಿಗೆ ಗಾಡಿ ಕೀಲಿಗೆ ಹಾಕುವಂತೆ ಎಣ್ಣೆ ಸುರಿಯುವವರಿದ್ದಾರೆ. ಎಣ್ಣೆಗೆ ಮರದ ಹೊಟ್ಟು ಸೇರಿದರೆ ರಾಗಿ ಮುದ್ದೆಯಂತೆ ಗಟ್ಟಿಯಾಗುತ್ತದೆ. ಬ್ರಷ್ಷಿನಿಂದ ಒಣಗಿದಂತೆಯೇ ಉಜ್ಜಿ, ಒಣ ಜಾತಿಯ ಪಿ.ಟಿ.ಎಫ್.ಇ. ಸಿಂಪಡಣೆ ಹಾಕಿದರೆ ಸಾಕು.

ಅರ್ಧ ಗಂಟೆ ಚೆನ್ನಾಗಿ ಓಡಿ, ಆಮೇಲೆ ತಪ್ಪಲಾರಂಭಿಸುವ ಯಂತ್ರಗಳೂ ಉಂಟು. ಇದು ಬಿಸಿಯ ಲಕ್ಷಣ. ಮೋಟಾರಿಗೆ ಕರೆಂಟು ಹಂಚುವ ಡ್ರೈವರು ತೀರ ಕಾದಾಗ ತನ್ನನ್ನು ಕಾಪಾಡಿಕೊಳ್ಳಲು ಕ್ಷಣಕಾಲ ಕೈಬಿಡುತ್ತದೆ, ಅಷ್ಟರಲ್ಲಿ ಹೆಜ್ಜೆ ತಪ್ಪುತ್ತದೆ. ಪೆಟ್ಟಿಗೆಯ ಫ್ಯಾನಿಗೆ ಹೊಟ್ಟು ತುಂಬಿದೆಯೇ ನೋಡಿ. ಮೋಟಾರು ಮುಟ್ಟಲಾರದಷ್ಟು ಬಿಸಿಯಾಗುವುದನ್ನು ಕಂಡು ಹೆದರಬೇಕಾಗಿಲ್ಲ, ಈ ಜಾತಿಯ ಮೋಟಾರಿಗೆ ಅದು ಸಹಜ. ಡ್ರೈವರಿನ ಕರೆಂಟನ್ನು ಮೋಟಾರಿನ ಪಟ್ಟಿಯಲ್ಲಿರುವಷ್ಟಕ್ಕಿಂತ ಮೇಲೆ ಏರಿಸಬಾರದು. ಬಹಳ ಕಡಿಮೆ ಇಟ್ಟಿದ್ದರೂ ಬಲ ಸಾಲದು. ಮತ್ತೊಂದು ಮಾತು ನೆನಪಿರಲಿ: ಕರೆಂಟು ಇರುವಾಗ ಮೋಟಾರಿನ ತಂತಿಯನ್ನು ಯಾವ ಕಾರಣಕ್ಕೂ ಕೀಳಬೇಡಿ, ಡ್ರೈವರು ಅಲ್ಲೇ ಸುಟ್ಟುಹೋಗುತ್ತದೆ. ನೆರೆಯ ಪಂಪ್‌ಸೆಟ್ಟು ಹೊರಟಾಗ ದೀಪ ಮಂಕಾಗುವ ಮನೆಗಳಲ್ಲಿ, ಅದೇ ಹೊತ್ತಿಗೆ ಯಂತ್ರ ತಪ್ಪುತ್ತದೆಯೇ ಎಂದು ಗಮನಿಸಿ, ತಿಳಿದವರಿಂದ ಪವರ್ ಸಪ್ಲೈಯ ವೋಲ್ಟೇಜನ್ನು ಅಳೆಸಬೇಕು.

ಎರಡನೆಯ ಸಲ, ಸ್ಪಿಂಡಲ್ ತಿರುಗಿದಾಗ ಮಾತ್ರ ಗಾಳಿಯಲ್ಲಿ ತಪ್ಪುವುದು ಅಪರೂಪ. ಸ್ಪಿಂಡಲಿನ ತಂತಿಯಿಂದ, ಅಥವಾ ಹೊಟ್ಟು ಎಳೆಯುವ ಪ್ಲಾಸ್ಟಿಕ್ ಕೊಳವೆಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತಿನಿಂದ ಬೋರ್ಡಿನ ಸಂಕೇತ ಕೆಡುತ್ತದೆ. ಆಗ ಯಂತ್ರ ಹಿಂದೆ ಬೀಳುವುದರ ಬದಲು ಬೇಡದ ಹೆಜ್ಜೆ ಹಾಕಿ ಮುಂದೆಯೂ ಹೋಗಬಹುದು. ಅರ್ತಿಂಗ್ ಸರಿಪಡಿಸಿ, ಸ್ಪಿಂಡಲಿನ ತಂತಿಯನ್ನೂ ಸಂಕೇತದ ತಂತಿಗಳನ್ನೂ ದೂರ ದೂರ ಎಳೆಯಬೇಕು.

ದೇವರ ಮೂರ್ತಿಯಂತಹ ಉಬ್ಬು ಕೆತ್ತನೆಯಲ್ಲಿ ಮಾತ್ರ, ಅದೂ ಒಂದೇ ಕಡೆಗೆ ಮೆಲ್ಲ ಮೆಲ್ಲನೆ ತಪ್ಪು ಬೆಳೆಯುವುದನ್ನು ಕೆಲವರು ಕಂಡಿರಬಹುದು. ಅಲ್ಲಿ ಬಿಟ್ಟು ಸಾವಿರಾರು ಸಲ ಹಿಂದೆ ಮುಂದೆ ಹೋಗುತ್ತದೆ. ಬೋರ್ಡು ಕಳಿಸುವ ಸಂಕೇತಕ್ಕೂ ಡ್ರೈವರು ಅದನ್ನು ಓದುವ ಕ್ರಮಕ್ಕೂ ಹೊಂದಿಕೆಯಿಲ್ಲದಿದ್ದರೆ ಪ್ರತಿ ತಿರುವಿಗೂ ಒಂದು ಅತಿ ಸಣ್ಣ ಹೆಜ್ಜೆ ಕಳೆದುಹೋಗುತ್ತದೆ. ಬಿಗಿಯಲು ಇಲ್ಲಿ ಸ್ಕ್ರೂ ಇಲ್ಲ. ಯಂತ್ರ ಕೊಟ್ಟವರಿಗೆ ಈ ಲಕ್ಷಣವನ್ನು ಹೀಗೆಯೇ ವಿವರಿಸಿ ಸಂಕೇತದ ಸೆಟ್ಟಿಂಗನ್ನು ಬದಲಾಯಿಸಿಸಬೇಕು.

ಕೊನೆಗೆ ಹಲಗೆಯನ್ನು ಉಳಿಸಿಕೊಳ್ಳುವ ಮಾತು. ಕೆತ್ತನೆ ಆರಂಭಿಸುವ ಮುನ್ನ, ಮುಂದೆ ಕತ್ತರಿಸಿ ಬಿಸಾಡುವ ಅಂಚಿನಲ್ಲಿ ಎದುರುಬದುರು ಮೂಲೆಗಳಲ್ಲಿ ಯಂತ್ರದಿಂದಲೇ ಎರಡು ಸಣ್ಣ ಕುಳಿ ಹಾಕಿಸಿ, ಅವುಗಳ ಅಂಕಿಗಳನ್ನು ಬರೆದಿಡಿ. ನಡುವೆ ಜಾರಿದ್ದು ಕಂಡಕೂಡಲೇ ನಿಲ್ಲಿಸಿ. ಹಲಗೆಯ ಹಿಡಿಕೆಗಳನ್ನು ಮಾತ್ರ ಬಿಚ್ಚಬೇಡಿ. ಗಾಬರಿಯಲ್ಲಿ ಎಲ್ಲರೂ ಮೊದಲು ಮಾಡುವುದು ಅದನ್ನೇ, ಅಲ್ಲಿಗೆ ಹಲಗೆಯ ಆಸೆ ಬಿಟ್ಟಂತೆ. ದೋಷ ಸರಿಪಡಿಸಿದ ಮೇಲೆ ಬಿಟ್ಟಿನ ಮೊನೆಯನ್ನು ಮೊದಲ ಕುಳಿಗೆ ಇಳಿಸಿ, ಬರೆದಿಟ್ಟ ಅಂಕಿಯನ್ನು ಕೊಡಿ. ಎರಡನೆಯ ಕುಳಿಗೆ ಹೋಗಲು ಹೇಳಿ, ಮೊನೆ ಸರಿಯಾಗಿ ಅಲ್ಲಿಗೇ ಇಳಿದರೆ ಬಿಟ್ಟಲ್ಲಿಂದ ಕೆಲಸ ಮುಂದುವರಿಸಬಹುದು. ತಪ್ಪಿ ಕೊರೆದ ಗೀರು ಆಳವಿಲ್ಲದಿದ್ದರೆ ಅದೇ ಮರದ ಹೊಟ್ಟು ಮತ್ತು ಅಂಟು ಕಲಸಿ ತುಂಬಿ ಉಜ್ಜಿದರೆ ಪಾಲಿಶಿನ ಕೆಳಗೆ ಮರೆಯಾಗುತ್ತದೆ.

ಹೊಸದಾಗಿ ಯಂತ್ರ ಕೊಳ್ಳುವವರು ಕ್ಲೋಸ್ಡ್ ಲೂಪ್ ಎಂಬ ಜಾತಿಯ ಮೋಟಾರುಗಳ ಬೆಲೆಯನ್ನೂ ವಿಚಾರಿಸಿ ನೋಡಿ. ಅವು ಹಾಕಿದ ಹೆಜ್ಜೆಯನ್ನು ತಿರುಗಿ ನೋಡಿಕೊಳ್ಳುತ್ತವೆ, ಹಿಂದೆ ಬಿದ್ದರೆ ಸರಿಪಡಿಸಿಕೊಳ್ಳುತ್ತವೆ, ಆಗದಿದ್ದರೆ ನಿಂತು ಎಚ್ಚರಿಸುತ್ತವೆ. ಬೆಲೆ ಹೆಚ್ಚು. ಕಪ್ಲಿಂಗಿನ ಸ್ಕ್ರೂ ಸಡಿಲವಾದರೆ ಮಾತ್ರ ಅವಕ್ಕೂ ತಿಳಿಯುವುದಿಲ್ಲ, ಏಕೆಂದರೆ ಅವು ನೋಡುವುದು ತಮ್ಮ ಕಡ್ಡಿಯನ್ನೇ ಹೊರತು ತಿರುಪನ್ನಲ್ಲ.

ಹೊರಗೆ ಜಗಲಿಯ ಮೇಲೆ ಒಂದು ಸಣ್ಣ ಯಂತ್ರ ಇಟ್ಟಿದೆ. ಅದರಲ್ಲಿ ಒಂದು ದಿಕ್ಕಿನ ಸ್ಕ್ರೂವನ್ನು ಬೇಕೆಂದೇ ಸಡಿಲಿಸಿದ್ದೇನೆ, ಯಾವುದೆಂದು ಹೇಳುವುದಿಲ್ಲ. ಮಾರ್ಕರ್ ಪೆನ್ನು, ಅಲೆನ್ ಕೀ ಪಕ್ಕದಲ್ಲಿಯೇ ಇವೆ. ಬನ್ನಿ, ಹುಡುಕಿ.